ಇಂಗ್ಲೆಂಡಿನ ಪ್ರೇಕ್ಷಣೀಯ ಸ್ಥಳಗಳು: ಅವು ಸರ್ವಜನರಿಗೆ ದೊರೆತ ಬಗೆ

ಇಂಗ್ಲೆಂಡಿನ ವರ್ಣನೆಯೆಂದರೆ ಲಂಡನ್ ನಗರದ ವರ್ಣನೆಯೆಂದು ಭಾವಿಸುವವರು ಹಲವರುಂಟು. ಆದರೆ ಆ ದೇಶದ ಚೆಲುವು ಹೆಚ್ಚಾಗಿ ಅದರ ಹಳ್ಳಿಗಾಡಿನಲ್ಲಿ ಅಡಗಿರುವುದು. ವಿಲ್ಟ್‌ಷೈರ್ ಪ್ರಾಂತದ ಬಯಲಿನಲ್ಲಿ ನಾಲ್ಕೂವರೆ ಸಾವಿರ ವರ್ಷಗಳಿಂದ ನಿಂತಿರುವ ಸ್ಟೋನ್‌ಹೆಂಜ್ ಎಂಬ ಶಿಲಾವೃತ್ತ, ಯಾರ್ಕ್‌ಷೈರಿನ ಕಣಿವೆಯೊಂದರಲ್ಲಿ ಸೂರಿಲ್ಲದೆ ನಿಂತಿರುವ ಫೌಂಟನ್ಸ್ ಮಠ, ವಾಯವ್ಯ ದಿಕ್ಕಿನ ಸರೋವರ ಪ್ರಾಂತ, ನಡುನಾಡಿನಿಂದ ಬಡಗಣಕ್ಕೆ ಹಬ್ಬಿದ ಬೋಳುಬೆಟ್ಟಗಳು, ಇವುಗಳನ್ನು ನೋಡಲು ವರ್ಷವರ್ಷವೂ ಲಕ್ಷಾಂತರ ಜನರು ಹೋಗುತ್ತಾರೆ. ರೈತನ ಹೊಲದ ನಡುವೆಯೇ ಹಾಯುವ ಕಾಲುದಾರಿಯನ್ನು ಹಿಡಿದು, ಯಾರ ಅಪ್ಪಣೆಯನ್ನೂ ಬೇಡದೆ, ಬೇಲಿಯ ತಡಮೆಗಳನ್ನು ದಾಟುತ್ತ ಮೈಲಿಗಟ್ಟಲೆ ನಡೆಯುವುದು ಅಲ್ಲಿ ಸಾಮಾನ್ಯನಿಗೂ ಉಂಟಾಗಿರುವ ಭಾಗ್ಯ.

ಈ ಭಾಗ್ಯವು ಆ ನೆಲದೊಡನೆಯೇ ಹುಟ್ಟಿಬಂದುದೆಂದು ಪ್ರವಾಸಿಗೆ ತೋರಬಹುದು. ಇತಿಹಾಸವನ್ನು ಕೆದಕಿ ನೋಡಿದರೆ ಬೇರೆ ಸಂಗತಿ ಹೊರಬೀಳುವುದು. ಇಂದು ಎಲ್ಲರೂ ನಿಂತು ನೋಡುವ ಸ್ಥಳಗಳಲ್ಲಿ ಹಲವು ಒಂದೊಂದು ಕಾಲದಲ್ಲಿ ಮಾರಾಟಕ್ಕೆ ಬಂದಿದ್ದವು, ಇಲ್ಲವೆ ಬೇಲಿಯೊಳಗೆ ಸಿಕ್ಕಿದ್ದವು, ಇಲ್ಲವೆ ಕಲ್ಲುಕಲ್ಲಾಗಿ ಕಳಚಿಹೋಗುತ್ತಿದ್ದವು. ಅವುಗಳನ್ನು ಉಳಿಸಿದ್ದು ಕೆಲವರ ಹಟ, ಕೆಲವರ ದಾನ, ಕೆಲವರ ಸೆರೆವಾಸ. ಒಬ್ಬನ ಸ್ವತ್ತಾಗಿರುವ ಚೆಲುವಿನಲ್ಲಿ ಉಳಿದವರಿಗೂ ಪಾಲುಂಟೆ ಎಂಬ ಪ್ರಶ್ನೆಯು ಆ ದೇಶವನ್ನು ಇನ್ನೂರು ವರ್ಷಗಳಿಗೂ ಮಿಕ್ಕು ಕಾಡಿದೆ. ಅದಕ್ಕೆ ದೊರೆತ ಉತ್ತರದ ಚರಿತ್ರೆಯೇ ಈ ಸ್ಥಳಗಳ ಚರಿತ್ರೆ.

ಮೊದಲು ಹೇಳಬೇಕಾದುದು ಜನರ ಅಭಿರುಚಿಯ ಮಾರ್ಪಾಟು. ಹದಿನೆಂಟನೆಯ ಶತಮಾನದ ಆದಿಯಲ್ಲಿ ಬೆಟ್ಟಗುಡ್ಡಗಳೆಂದರೆ ಇಂಗ್ಲೆಂಡಿನ ನಾಗರಿಕರಿಗೆ ಭೀತಿಯೇ ಹೊರತು ಪ್ರೀತಿಯಿರಲಿಲ್ಲ. ಸುತ್ತಣ ದೇಶವನ್ನೆಲ್ಲ ಕಂಡು ೧೭೨೪ರಿಂದ ಮೂರು ಸಂಪುಟಗಳನ್ನು ಪ್ರಕಟಿಸಿದ ಡೇನಿಯಲ್ ಡೆಫೊ ಎಂಬ ಗ್ರಂಥಕರ್ತನು, ಇಂದು ಸೌಂದರ್ಯದ ತವರೆನಿಸಿರುವ ವೆಸ್ಟ್‌ಮರ್ಲಂಡಿನ ಬೆಟ್ಟಸೀಮೆಯನ್ನು ಬರಡಾದ, ಭಯಂಕರವಾದ ನಾಡೆಂದು ಬಗೆದು ಮುಂದಕ್ಕೆ ಸಾಗಿದನು. ಅರ್ಧ ಶತಮಾನ ಕಳೆಯುವುದರೊಳಗಾಗಿ ದೃಷ್ಟಿಯೇ ಬದಲಾಯಿತು. ಕವಿ ಥಾಮಸ್ ಗ್ರೇ ೧೭೬೯ರಲ್ಲಿ ಸರೋವರ ಪ್ರಾಂತದಲ್ಲಿ ಸಂಚರಿಸಿ ದಿನಚರಿಯನ್ನು ಬರೆದನು. ಥಾಮಸ್ ವೆಸ್ಟ್ ಎಂಬ ಪಾದ್ರಿಯು ೧೭೭೮ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯಲ್ಲಿ, ಯಾವ ಸರೋವರವನ್ನು ಯಾವ ದಿಣ್ಣೆಯ ಮೇಲೆ ನಿಂತು ನೋಡಬೇಕೆಂಬುದನ್ನು ಕೂಡ ಗೊತ್ತುಮಾಡಿದನು. ೧೭೮೨ರಲ್ಲಿ ವಿಲಿಯಂ ಗಿಲ್ಪಿನ್ ಎಂಬ ಮತ್ತೊಬ್ಬ ಪಾದ್ರಿಯು ವೈ ನದಿಯ ಪ್ರವಾಸವನ್ನು ಕುರಿತು ಪುಸ್ತಕವನ್ನು ಬರೆದು, ಚಿತ್ರಕಾರನ ಕಣ್ಣಿನಿಂದ ಭೂಮಿಯನ್ನು ನೋಡುವುದನ್ನು ಕಲಿಸಿದನು.

ಆ ಕಾಲದ ಪ್ರವಾಸಿಗಳ ನಡವಳಿಕೆಯಲ್ಲಿ ನಗೆ ತರಿಸುವ ಅಂಶಗಳೂ ಇಲ್ಲದಿಲ್ಲ. ಕೊಂಚ ಉಬ್ಬಿದ, ಕಪ್ಪುಬಣ್ಣದ ಒಂದು ಕೈಗನ್ನಡಿಯನ್ನು ಅವರು ಒಯ್ಯುತ್ತಿದ್ದರು. ಸರೋವರಕ್ಕೆ ಬೆನ್ನುಮಾಡಿ ನಿಂತು ಆ ಕನ್ನಡಿಯಲ್ಲಿ ಅದರ ಪ್ರತಿಬಿಂಬವನ್ನು ನೋಡಿದರೆ, ನೋಟವು ಹಳೆಯ ತೈಲಚಿತ್ರದಂತೆ ಕಾಣುವುದೆಂದು ಅವರ ಸಂತೋಷ. ೧೭೯೩ರಿಂದ ಇಪ್ಪತ್ತು ವರ್ಷಗಳಿಗೂ ಮಿಕ್ಕು ಫ್ರಾನ್ಸಿನೊಡನೆ ಯುದ್ಧ ನಡೆದುದರಿಂದ ಯೂರೋಪಿನ ದಾರಿಗಳು ಮುಚ್ಚಿದವು. ಆಲ್ಪ್ಸ್ ಪರ್ವತಗಳಿಗೆ ಹೋಗಲಾರದ ಶ್ರೀಮಂತರು ತಮ್ಮ ದೇಶದ ಬೆಟ್ಟಗಳ ಕಡೆಗೆ ತಿರುಗಿದರು.

ಈ ಅಭಿರುಚಿಗೆ ಆಳವನ್ನು ಕೊಟ್ಟವನು ಸರೋವರ ಪ್ರಾಂತದಲ್ಲಿಯೇ ೧೭೭೦ರಲ್ಲಿ ಹುಟ್ಟಿದ ಕವಿ ವಿಲಿಯಂ ವರ್ಡ್ಸ್‌ವರ್ತ್. ಅವನು ತನ್ನ ನಾಡನ್ನು ಕುರಿತು ಒಂದು ಮಾರ್ಗದರ್ಶಿಯನ್ನೂ ಬರೆದನು. ೧೮೧೦ರಲ್ಲಿ ಬೇರೊಬ್ಬರ ಚಿತ್ರಸಂಪುಟಕ್ಕೆ ಹೆಸರಿಲ್ಲದ ಮುನ್ನುಡಿಯಾಗಿ ಹೊರಬಿದ್ದ ಈ ಬರೆಹವು ಬೆಳೆದು, ೧೮೩೫ರಲ್ಲಿ ಪೂರ್ಣರೂಪವನ್ನು ತಾಳಿತು. ಇಂತಹ ನಾಡು ಒಂದು ಬಗೆಯಲ್ಲಿ ಇಡೀ ರಾಷ್ಟ್ರದ ಆಸ್ತಿ ಎಂಬ ಭಾವನೆಯು ಅದರ ಕೊನೆಯಲ್ಲಿ ಕಾಣಿಸಿಕೊಂಡಿತು. ಭೂಮಿಯ ಒಡೆತನ ಬೇರೆ, ಅದರ ಚೆಲುವಿನ ಒಡೆತನ ಬೇರೆ ಎಂಬ ಮಾತಿಗೆ ಇದೇ ಬೀಜವಾಯಿತು. ಆದರೆ ಆ ಬೀಜವನ್ನು ಬಿತ್ತಿದವನೇ ಒಂಬತ್ತು ವರ್ಷಗಳ ತರುವಾಯ, ಎಂದರೆ ೧೮೪೪ರಲ್ಲಿ, ಸರೋವರ ಪ್ರಾಂತಕ್ಕೆ ರೈಲುದಾರಿಯನ್ನು ತರಬಾರದೆಂದು ಪತ್ರಿಕೆಯಲ್ಲಿ ಬರೆದು ವಾದಿಸಿದನು. ಕಾರ್ಖಾನೆಯ ಊರುಗಳಿಂದ ಜನರನ್ನು ಹಿಂಡುಹಿಂಡಾಗಿ ತಂದು ಬಿಟ್ಟರೆ ಅವರಿಗೂ ಲಾಭವಿಲ್ಲ, ನಾಡಿಗೂ ಕೇಡು; ನಿಸರ್ಗವನ್ನು ಸವಿಯುವ ಶಕ್ತಿಯು ಮೆಲ್ಲಮೆಲ್ಲನೆ ಬೆಳೆಯಬೇಕಾದದ್ದು ಎಂಬುದು ಅವನ ವಾದ. ೧೮೪೭ರಲ್ಲಿ ರೈಲು ವಿಂಡರ್‌ಮಿಯರಿಗೆ ಬಂದೇಬಂದಿತು. ಎಲ್ಲರದೂ ಆದ ಸ್ಥಳಕ್ಕೆ ಎಲ್ಲರೂ ಬಂದರೆ ಅದು ಉಳಿಯುವುದೆ ಎಂಬ ಸಂಶಯವೂ, ಎಲ್ಲರನ್ನೂ ಬಿಡದಿದ್ದರೆ ಅದು ಎಲ್ಲರದು ಹೇಗಾದೀತು ಎಂಬ ಆಕ್ಷೇಪವೂ ಅಂದಿನಿಂದ ಜೊತೆಜೊತೆಯಾಗಿ ನಡೆದುಬಂದಿವೆ.

ಬೆಟ್ಟಗಳಂತೆಯೇ ಪಾಳುಗಟ್ಟಡಗಳಿಗೂ ಹೊಸ ಮರ್ಯಾದೆ ಬಂದಿತು. ಇದಕ್ಕೆ ಫೌಂಟನ್ಸ್ ಮಠವು ಒಳ್ಳೆಯ ನಿದರ್ಶನ. ೧೧೩೨ರಲ್ಲಿ ಯಾರ್ಕ್ ಪಟ್ಟಣದ ಮಠವೊಂದರಿಂದ ಹೆಚ್ಚಿನ ನಿಷ್ಠೆಯನ್ನು ಬಯಸಿ ಹೊರಟ ಹದಿಮೂರು ಮಂದಿ ಸನ್ಯಾಸಿಗಳು ಸ್ಕೆಲ್ ಎಂಬ ಹೊಳೆಯ ದಡದಲ್ಲಿ ಇದನ್ನು ಸ್ಥಾಪಿಸಿದರು. ಕುರಿಸಾಕಣೆಯಿಂದಲೂ ಉಣ್ಣೆಯ ವ್ಯಾಪಾರದಿಂದಲೂ ಮಠಕ್ಕೆ ಅಪಾರ ಸಂಪತ್ತು ಕೂಡಿತು. ಎಂಟನೆಯ ಹೆನ್ರಿ ದೊರೆಯು ರೋಮಿನ ಜಗದ್ಗುರುವಿನೊಡನೆ ಸಂಬಂಧವನ್ನು ಕಡಿದುಕೊಂಡು, ೧೫೩೬ರಿಂದ ೧೫೪೦ರವರೆಗೆ ದೇಶದ ಮಠಗಳನ್ನೆಲ್ಲ ಮುಚ್ಚಿಸಿ ಆಸ್ತಿಯನ್ನು ವಶಪಡಿಸಿಕೊಂಡಾಗ, ಫೌಂಟನ್ಸ್ ಮಠಕ್ಕೂ ೧೫೩೯ರಲ್ಲಿ ಅಂತ್ಯ ಒದಗಿತು. ಮಾಡಿನ ಸೀಸವನ್ನು ಕಿತ್ತುಕೊಂಡರು. ಭೂಮಿಯನ್ನು ಲಂಡನ್ನಿನ ವರ್ತಕನೊಬ್ಬನು ಕೊಂಡನು. ಮುಂದಿನ ಶತಮಾನದ ಹೊಸಿಲಲ್ಲಿ ಆಗಿನ ಒಡೆಯನು ಮಠದ ಕಲ್ಲುಗಳನ್ನೇ ಬಳಸಿ ಪಕ್ಕದಲ್ಲಿ ತನ್ನ ಮನೆಯನ್ನು ಕಟ್ಟಿಕೊಂಡನು.

ಹೀಗೆ ಎರಡು ಶತಮಾನಗಳ ಕಾಲ ಕಲ್ಲುಗಣಿಯಂತೆ ಇದ್ದ ಮಠವನ್ನು ಮುಂದೆ ಉಳಿಸಿದ್ದು ಭಕ್ತಿಯಲ್ಲ, ತೋಟಗಾರಿಕೆ! ನೆರೆಯ ಸ್ಟಡ್ಲಿ ರಾಯಲ್ ಎಂಬ ಎಸ್ಟೇಟಿನ ಒಡೆಯನಾದ ಜಾನ್ ಐಸ್ಲಬಿ ಒಂದು ಕಾಲದಲ್ಲಿ ರಾಜ್ಯದ ಹಣಕಾಸಿನ ಮಂತ್ರಿಯಾಗಿದ್ದವನು. ದಕ್ಷಿಣ ಸಮುದ್ರ ಕಂಪನಿಯ ಹಗರಣದಲ್ಲಿ ಸಿಕ್ಕಿ ೧೭೨೧ರಲ್ಲಿ ಅಧಿಕಾರವನ್ನು ಕಳೆದುಕೊಂಡ ಅವನು ಊರಿಗೆ ಬಂದು, ಹೊಳೆಯ ನೀರನ್ನು ಕಟ್ಟಿ, ಕೊಳಗಳನ್ನೂ ಕಾಲುವೆಗಳನ್ನೂ ಮಾಡಿ ಉದ್ಯಾನವನ್ನು ನಿರ್ಮಿಸಿದನು. ಅವನ ಮಗ ವಿಲಿಯಂ ಮಠದ ಪಾಳನ್ನು ಕೊಂಡು, ಉದ್ಯಾನದಲ್ಲಿ ನಡೆದು ಬರುವವನ ಕಣ್ಣಿಗೆ ಕೊನೆಯ ತಿರುವಿನಲ್ಲಿ ಅದು ಒಮ್ಮೆಲೆ ಬೀಳುವಂತೆ ಅಣಿಗೊಳಿಸಿದನು. ಒಂದು ಕಾಲದಲ್ಲಿ ಪ್ರಾರ್ಥನೆಯ ಮಂದಿರ, ಆಮೇಲೆ ಮನೆಗೆ ಕಲ್ಲೊದಗಿಸುವ ರಾಶಿ, ಕೊನೆಗೆ ಶ್ರೀಮಂತನ ತೋಟದ ಅಲಂಕಾರ. ಈ ಮೂರು ಅವಸ್ಥೆಗಳನ್ನೂ ದಾಟಿ ಅದು ೧೯೮೩ರಲ್ಲಿ ಮುಂದೆ ಹೇಳಲಿರುವ ‘ರಾಷ್ಟ್ರೀಯ ನಿಕ್ಷೇಪ’ ಸಂಸ್ಥೆಯ ಕೈಸೇರಿ, ೧೯೮೬ರಲ್ಲಿ ಜಗತ್ತಿನ ಪರಂಪರೆಯ ಸ್ಥಳಗಳ ಪಟ್ಟಿಯಲ್ಲಿ ಸೇರಿತು.

ಶ್ರೀಮಂತರು ತಮ್ಮ ತೋಟಗಳನ್ನು ಹೀಗೆ ಅಲಂಕರಿಸುತ್ತಿದ್ದ ಕಾಲದಲ್ಲಿಯೇ ಬಡವರ ಕಾಲ ಕೆಳಗಿನ ನೆಲ ಕರಗುತ್ತಿದ್ದಿತು. ಕನ್ನಡನಾಡಿನ ಗೋಮಾಳಗಳಂತೆ ಇಂಗ್ಲೆಂಡಿನ ಹಳ್ಳಿಗಳಿಗೂ ದನಕುರಿಗಳನ್ನು ಮೇಯಿಸುವ, ಸೌದೆಯನ್ನು ಆರಿಸುವ ಸಾಮಾನ್ಯ ಭೂಮಿಗಳಿದ್ದವು. ಪಾರ್ಲಿಮೆಂಟಿನ ಶಾಸನಗಳ ಮೂಲಕ ಅವುಗಳನ್ನು ಹಂಚಿ, ಬೇಲಿ ಹಾಕಿ, ಖಾಸಗಿ ಸ್ವತ್ತಾಗಿ ಮಾಡುವ ಕಾರ್ಯವು ಹದಿನೇಳನೆಯ ಶತಮಾನದಲ್ಲಿ ಮೊದಲಾಗಿ, ೧೭೫೦ರ ತರುವಾಯ ಭರದಿಂದ ನಡೆಯಿತು. ಒಟ್ಟಿನ ಮೇಲೆ ಐದು ಸಾವಿರಕ್ಕೂ ಮಿಕ್ಕ ಶಾಸನಗಳಿಂದ ಸುಮಾರು ೬೮ ಲಕ್ಷ ಎಕರೆಗಳು, ಎಂದರೆ ದೇಶದ ಐದನೆಯ ಒಂದು ಪಾಲಿನಷ್ಟು ಭೂಮಿ, ಬೇಲಿಯೊಳಗೆ ಸೇರಿತು. ಇಂದು ಪ್ರವಾಸಿಯು ಮೆಚ್ಚಿ ನೋಡುವ ನೇರವಾದ ಬೇಲಿಸಾಲುಗಳಲ್ಲಿ ಎಷ್ಟೋ ಈ ಹಂಚಿಕೆಯ ಗುರುತುಗಳೇ. ಬೇಸಾಯದ ಹುಟ್ಟುವಳಿ ಹೆಚ್ಚಿತೆಂಬುದು ನಿಜ. ಹಳ್ಳಿಗನ ಹಸುವಿಗೆ ಮೇವು ತಪ್ಪಿತೆಂಬುದೂ ನಿಜ. ಉಳಿದ ಸಾಮಾನ್ಯ ಭೂಮಿಗಳನ್ನಾದರೂ ಕಾಯಬೇಕೆಂದು ೧೮೬೫ರಲ್ಲಿ ಲಂಡನ್ನಿನಲ್ಲಿ ಒಂದು ಸಂಘವು ಹುಟ್ಟಿತು. ಸ್ಥಳಗಳನ್ನು ಉಳಿಸುವ ಚಳವಳಿಯ ಹಿರಿಯಕ್ಕ ಇದೇ.

ಪುರಾತನ ಶಿಲೆಗಳ ಕಡೆಗೆ ತಿರುಗಿದರೆ ಅಲ್ಲಿಯೂ ಇದೇ ಕಥೆ. ವಿಲ್ಟ್‌ಷೈರಿನ ಏವ್‌ಬರಿ ಎಂಬ ಹಳ್ಳಿಯು ಮಹಾ ಶಿಲಾವೃತ್ತವೊಂದರ ಒಳಗೇ ಬೆಳೆದ ಊರು. ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ಅಲ್ಲಿಯ ಜನರು ಆ ಬಂಡೆಗಳಿಗೆ ಬೆಂಕಿಯಿಟ್ಟು, ಕಾದ ಕಲ್ಲಿನ ಮೇಲೆ ತಣ್ಣೀರು ಸುರಿದು, ಸೀಳಿ, ಮನೆ ಕಟ್ಟಲು ಬಳಸುತ್ತಿದ್ದರು. ವಿಲಿಯಂ ಸ್ಟ್ಯೂಕ್ಲಿ ಎಂಬ ವಿದ್ವಾಂಸನು ಈ ನಾಶವನ್ನು ಕಣ್ಣಾರೆ ಕಂಡು, ತಡೆಯಲಾರದೆ, ಉಳಿದುದನ್ನೆಲ್ಲ ಅಳೆದು ಚಿತ್ರಿಸಿ ೧೭೪೩ರಲ್ಲಿ ಪ್ರಕಟಿಸಿದನು. ಮುಂದೆ ೧೮೭೦ರ ತರುವಾಯ ಆ ವೃತ್ತದೊಳಗಿನ ನೆಲವನ್ನು ಮನೆಗಳಿಗಾಗಿ ಮಾರಲು ಏರ್ಪಾಡಾದಾಗ, ಸರ್ ಜಾನ್ ಲಬಕ್ ಎಂಬ ಮಹನೀಯನು ಆ ನೆಲವನ್ನು ತಾನೇ ಕೊಂಡು ಬಿಡಿಸಿದನು. ಇವನು ಬ್ಯಾಂಕಿನ ಒಡೆಯ, ಪಾರ್ಲಿಮೆಂಟಿನ ಸದಸ್ಯ, ಇರುವೆ ಜೇನುಗಳ ಜೀವನವನ್ನು ಶೋಧಿಸಿದ ವಿಜ್ಞಾನಿ. ದುಡಿಯುವವರಿಗೆ ವರ್ಷದಲ್ಲಿ ಕೆಲವು ದಿನಗಳ ಸಾರ್ವಜನಿಕ ರಜವನ್ನು ೧೮೭೧ರ ಶಾಸನದಿಂದ ದೊರಕಿಸಿದವನೂ ಇವನೇ. ನೋಡಲು ಬಿಡುವು, ನೋಡಲು ಸ್ಥಳ, ಎರಡನ್ನೂ ಒಬ್ಬನೇ ಜನರಿಗೆ ಒದಗಿಸಿದ್ದು ಗಮನಾರ್ಹವಾದ ಸಂಗತಿ.

ಪ್ರಾಚೀನ ಸ್ಮಾರಕಗಳ ರಕ್ಷಣೆಗಾಗಿ ಲಬಕ್ ೧೮೭೩ರಲ್ಲಿ ತಂದ ಮಸೂದೆಯು ಖಾಸಗಿ ಸ್ವತ್ತಿನ ಹಕ್ಕಿಗೆ ಚ್ಯುತಿ ತರುವುದೆಂಬ ಆಕ್ಷೇಪಕ್ಕೆ ಗುರಿಯಾಗಿ ಹಲವು ಸಲ ಬಿದ್ದಿತು. ಕೊನೆಗೆ ೧೮೮೨ರಲ್ಲಿ ಅದು ಶಾಸನವಾಗಿ ಅಂಗೀಕೃತವಾದಾಗ ಅದರ ಹಲ್ಲುಗಳೆಲ್ಲ ಉದುರಿದ್ದವು. ಒಡೆಯನು ಒಪ್ಪಿದರೆ ಮಾತ್ರ ಸರ್ಕಾರವು ಸ್ಮಾರಕವನ್ನು ತನ್ನ ಪಾಲನೆಗೆ ತೆಗೆದುಕೊಳ್ಳಬಹುದಾಗಿದ್ದಿತು. ಸ್ಟೋನ್‌ಹೆಂಜಿನ ಒಡೆಯನಾದ ಸರ್ ಎಡ್ಮಂಡ್ ಆಂಟ್ರೊಬಸ್ ಒಪ್ಪಲಿಲ್ಲ.

ಸ್ಟೋನ್‌ಹೆಂಜಿನ ದೊಡ್ಡ ಬಂಡೆಗಳು ಒಂದೊಂದೂ ಸುಮಾರು ಇಪ್ಪತ್ತೈದು ಟನ್ನು ತೂಗುವವು. ಚಿಕ್ಕ ನೀಲಶಿಲೆಗಳು ಬಂದುದು ವೇಲ್ಸ್ ಪ್ರಾಂತದ ಬೆಟ್ಟಗಳಿಂದ, ನೂರೈವತ್ತು ಮೈಲಿಗಳ ದೂರದಿಂದ. ನಡುವೆ ಒರಗಿರುವ ಬಲಿಪೀಠವೆಂಬ ಕಲ್ಲು ಸ್ಕಾಟ್ಲಂಡಿನ ಈಶಾನ್ಯ ಭಾಗದ್ದೆಂದು ೨೦೨೪ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿದೆ. ಇಷ್ಟು ದೂರದ ಶಿಲೆಗಳನ್ನು ಗಾಲಿಯೇ ಇಲ್ಲದ ಕಾಲದಲ್ಲಿ ತಂದು ನಿಲ್ಲಿಸಿದವರ ಶ್ರದ್ಧೆಯನ್ನು ಏನೆಂದು ಹೇಳಬೇಕು! ೧೯೦೦ನೆಯ ಇಸವಿಯ ಕೊನೆಯ ದಿನದ ಬಿರುಗಾಳಿಗೆ ಅಲ್ಲಿಯ ಒಂದು ಕಂಬಗಲ್ಲು ಉರುಳಿಬಿದ್ದಿತು. ಮರುವರ್ಷ ಆಗಿನ ಆಂಟ್ರೊಬಸ್ ಸುತ್ತಲೂ ತಂತಿಬೇಲಿಯನ್ನು ಹಾಕಿಸಿ, ನೋಡಬಂದವರಿಂದ ತಲೆಗೊಂದು ಷಿಲ್ಲಿಂಗಿನಂತೆ ವಸೂಲುಮಾಡತೊಡಗಿದನು. ಅದುವರೆಗೆ ಯಾರು ಬೇಕಾದರೂ ಹೋಗಿಬರುತ್ತಿದ್ದ ಸ್ಥಳಕ್ಕೆ ಬೇಲಿ ಬಿದ್ದುದನ್ನು ಪ್ರತಿಭಟಿಸಿ ನ್ಯಾಯಾಲಯಕ್ಕೆ ಹೋದವರು ೧೯೦೫ರಲ್ಲಿ ಸೋತರು. ಜನರು ತಲೆತಲಾಂತರದಿಂದ ಬಂದುದು ಒಡೆಯರ ಸೌಜನ್ಯದಿಂದಲೇ ಹೊರತು ಹಕ್ಕಿನಿಂದಲ್ಲವೆಂದು ತೀರ್ಪಾಯಿತು.

ಮಹಾಯುದ್ಧದ ಮೊದಲ ವರ್ಷ ಆ ಮನೆತನದ ಏಕೈಕ ವಾರಸುದಾರನು ಯುದ್ಧಭೂಮಿಯಲ್ಲಿ ಮಡಿದನು; ಮರುವರ್ಷವೇ ತಂದೆಯೂ ತೀರಿಕೊಂಡನು. ಎಸ್ಟೇಟು ಹರಾಜಿಗೆ ಬಂದಿತು. ೧೯೧೫ರ ಸೆಪ್ಟೆಂಬರ್ ೨೧ರಂದು ಸಾಲ್ಸ್‌ಬರಿ ಪಟ್ಟಣದಲ್ಲಿ ಸ್ಟೋನ್‌ಹೆಂಜನ್ನೂ ಸುತ್ತಣ ಮೂವತ್ತು ಎಕರೆಗಳನ್ನೂ ಹರಾಜು ಕೂಗಿದರು. ಹತ್ತಿರದ ಹಳ್ಳಿಯಲ್ಲಿಯೇ ಹುಟ್ಟಿ ವಕೀಲನಾಗಿದ್ದ ಸೆಸಿಲ್ ಚಬ್ ೬,೬೦೦ ಪೌಂಡುಗಳಿಗೆ ಕೊಂಡನು. ಮೂರು ವರ್ಷ ಅದು ಅವನ ಸ್ವತ್ತಾಗಿದ್ದಿತು. ೧೯೧೮ರ ಅಕ್ಟೋಬರ್ ತಿಂಗಳಲ್ಲಿ, ಯುದ್ಧವು ಇನ್ನೂ ಮುಗಿಯದಿರುವಾಗಲೇ, ಅವನು ಅದನ್ನು ರಾಷ್ಟ್ರಕ್ಕೆ ದಾನಮಾಡಿದನು. ಸಾರ್ವಜನಿಕರಿಗೆ ಪ್ರವೇಶವಿರಬೇಕು, ಶುಲ್ಕವು ಒಂದು ಷಿಲ್ಲಿಂಗನ್ನು ಮೀರಬಾರದು ಎಂಬ ಕರಾರುಗಳೂ ಅದರಲ್ಲಿದ್ದವು. ನ್ಯಾಯಾಲಯದಲ್ಲಿ ದೊರೆಯದ ಹಕ್ಕು ಹೀಗೆ ದಾನಪತ್ರದ ಮೂಲಕ ಬಂದಿತು. ಸುತ್ತಣ ಬಯಲನ್ನು ಕಟ್ಟಡಗಳಿಂದ ಉಳಿಸಲು ೧೯೨೭ರಲ್ಲಿ ಚಂದಾ ಎತ್ತಿ ಸಾವಿರಾರು ಎಕರೆ ಭೂಮಿಯನ್ನು ಕೊಳ್ಳುವ ಏರ್ಪಾಡೂ ನಡೆಯಿತು.

ಒಬ್ಬೊಬ್ಬರ ಔದಾರ್ಯವನ್ನು ನೆಚ್ಚಿ ಕುಳಿತರೆ ಸಾಲದು, ಶಾಶ್ವತವಾದ ಒಂದು ಸಂಸ್ಥೆಯೇ ಬೇಕೆಂಬುದು ಇದಕ್ಕೆ ಮುಂಚೆಯೇ ಮೂವರಿಗೆ ಹೊಳೆದಿದ್ದಿತು. ಆಕ್ಟೇವಿಯಾ ಹಿಲ್ ಎಂಬಾಕೆ ಲಂಡನ್ನಿನ ಬಡವರ ವಸತಿಗಳನ್ನು ಸುಧಾರಿಸುವುದರಲ್ಲಿ ಬಾಳನ್ನು ಸವೆಸಿದವಳು. ಇಕ್ಕಟ್ಟಿನ ಕೋಣೆಗಳಲ್ಲಿ ಬೆಳೆಯುವವರಿಗೆ ಬಯಲು ಅನ್ನದಷ್ಟೇ ಅವಶ್ಯವೆಂದು ಕಂಡುಕೊಂಡವಳು. ರಾಬರ್ಟ್ ಹಂಟರ್ ಸಾಮಾನ್ಯ ಭೂಮಿಗಳ ಸಂಘದ ವಕೀಲ. ಹಾರ್ಡ್‌ವಿಕ್ ರಾನ್ಸ್‌ಲಿ ಸರೋವರ ಪ್ರಾಂತದ ಪಾದ್ರಿ. ಕೆಸಿಕ್ ಎಂಬ ಊರಿನ ಬಳಿ ಬೆಟ್ಟದ ಕಾಲುದಾರಿಯೊಂದನ್ನು ಒಡೆಯರು ಮುಚ್ಚಿದಾಗ ೧೮೮೭ರಲ್ಲಿ ಜನರು ಗುಂಪುಗೂಡಿ ಬೆಟ್ಟವೇರಿದ ಹೋರಾಟದ ಮುಂದಾಳುಗಳಲ್ಲಿ ಒಬ್ಬನು. ಅಲ್ಲಿಗೆ ಅನತಿದೂರದ ಥರ್ಲ್‌ಮಿಯರ್ ಸರೋವರವನ್ನು ಮ್ಯಾಂಚೆಸ್ಟರ್ ನಗರಸಭೆಯು ೧೮೭೯ರ ಶಾಸನದಿಂದ ಪಡೆದು, ಕಟ್ಟೆ ಹಾಕಿ, ೧೮೯೪ರಲ್ಲಿ ತೊಂಬತ್ತು ಮೈಲಿಗಳಿಗೂ ದೂರಕ್ಕೆ ನೀರನ್ನು ಒಯ್ದಿತು. ಹಳೆಯ ಕರೆಯೂ ದಾರಿಯೂ ಕೆಲವು ಮನೆಗಳೂ ಮುಳುಗಿದವು. ಕಾರ್ಖಾನೆಯ ನಗರಕ್ಕೆ ಕುಡಿಯುವ ನೀರು ಬೇಕೆಂಬುದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ವಿರೋಧಿಗಳ ಕೈಯಲ್ಲಿ ಭೂಮಿಯಿಲ್ಲದಿದ್ದುದರಿಂದ ಮಾತಲ್ಲದೆ ಬೇರೆ ಬಲವಿರಲಿಲ್ಲ. ನೋಟವನ್ನು ಉಳಿಸಬೇಕಾದರೆ ನೆಲವನ್ನು ಹೊಂದಬೇಕು ಎಂಬ ಪಾಠವನ್ನು ಈ ಸೋಲು ಕಲಿಸಿತು.

೧೮೯೫ರ ಜನವರಿ ೧೨ರಂದು ಈ ಮೂವರು ‘ನ್ಯಾಷನಲ್ ಟ್ರಸ್ಟ್’ ಎಂಬ ಸಂಸ್ಥೆಯನ್ನು ನೋಂದಾಯಿಸಿದರು. ಮೇಲೆ ಹೇಳಿದ ರಾಷ್ಟ್ರೀಯ ನಿಕ್ಷೇಪವೆಂಬುದು ಇದೇ. ಮರುವರ್ಷ ಅದು ಕೊಂಡ ಮೊದಲನೆಯ ಕಟ್ಟಡ ಸಸೆಕ್ಸ್ ಪ್ರಾಂತದ ಆಲ್ಫ್ರಿಸ್ಟನ್ ಎಂಬ ಹಳ್ಳಿಯ ಹುಲ್ಲುಹೊದಿಕೆಯ ಹಳೆಯ ಮನೆ; ಬೆಲೆ ಕೇವಲ ಹತ್ತು ಪೌಂಡು. ೧೯೦೨ರಲ್ಲಿ ಡರ್ವೆಂಟ್‌ವಾಟರ್ ಸರೋವರದ ದಡದ ನೂರೆಂಟು ಎಕರೆಗಳ ಬ್ರಾಂಡಲ್‌ಹೌ ಎಂಬ ತೋಪನ್ನು ೬,೫೦೦ ಪೌಂಡು ಕೊಟ್ಟು ಕೊಂಡಾಗ, ಆ ಹಣವು ಕೆಲವೇ ತಿಂಗಳುಗಳಲ್ಲಿ ಸಾರ್ವಜನಿಕರ ಚಂದಾ ರೂಪದಲ್ಲಿ ಬಂದಿತು. ಕಾರ್ಖಾನೆಗಳಲ್ಲಿ ದುಡಿಯುವವರು ಕಳುಹಿಸಿದ ಒಂದೆರಡು ಷಿಲ್ಲಿಂಗುಗಳೂ ಅದರಲ್ಲಿದ್ದವು. ೧೯೦೭ರ ಶಾಸನವು ಸಂಸ್ಥೆಗೆ ಒಂದು ಅಪೂರ್ವವಾದ ಅಧಿಕಾರವನ್ನು ಕೊಟ್ಟಿತು: ತನ್ನ ಯಾವ ಭೂಮಿಯನ್ನಾದರೂ ಪರಭಾರೆ ಮಾಡತಕ್ಕುದಲ್ಲವೆಂದು ಅದು ಘೋಷಿಸಬಹುದು; ಹಾಗೆ ಘೋಷಿಸಿದುದನ್ನು ತಾನೂ ಮಾರುವಂತಿಲ್ಲ. ದೇವಸ್ಥಾನದ ಉಂಬಳಿ ಭೂಮಿಯನ್ನು ಬಲ್ಲ ಜನರಿಗೆ ಈ ಕಟ್ಟಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸರ್ಕಾರದ ಶಾಸನಕ್ಕೆ ಹಲ್ಲು ಬಂದುದು ೧೯೧೩ರಲ್ಲಿ. ಇದರ ಹಿಂದೆ ಭಾರತದ ಅನುಭವವೂ ಉಂಟು. ೧೮೯೯ರಿಂದ ೧೯೦೫ರವರೆಗೆ ವೈಸರಾಯನಾಗಿದ್ದ ಲಾರ್ಡ್ ಕರ್ಜನನು ಇಲ್ಲಿಯ ಪ್ರಾಚೀನ ಕಟ್ಟಡಗಳ ದುಃಸ್ಥಿತಿಯನ್ನು ಕಂಡು ೧೯೦೪ರಲ್ಲಿ ಸ್ಮಾರಕಗಳ ಸಂರಕ್ಷಣೆಯ ಕಾಯಿದೆಯನ್ನು ತಂದನು. ಈಗ ವಿಜಯಪುರವೆನಿಸಿರುವ ಬಿಜಾಪುರದಲ್ಲಿ ಒಂದು ಮಸೀದಿಯು ಪ್ರವಾಸಿ ಬಂಗಲೆಯಾಗಿಯೂ ಮತ್ತೊಂದು ಅಂಚೆಕಚೇರಿಯಾಗಿಯೂ ಬಳಕೆಯಾಗುತ್ತಿದ್ದುದನ್ನು ತಪ್ಪಿಸಿದವನು ಅವನೇ. ಸ್ವದೇಶಕ್ಕೆ ಮರಳಿದ ಮೇಲೆ, ಲಿಂಕನ್‌ಷೈರಿನ ಟ್ಯಾಟರ್‌ಷಲ್ ಎಂಬಲ್ಲಿ ಹದಿನೈದನೆಯ ಶತಮಾನದ ಇಟ್ಟಿಗೆಯ ಕೋಟೆಗೋಪುರವೊಂದು ವ್ಯಾಪಾರಿಗಳ ಕೈಸೇರಿ, ಅದರ ಕೆತ್ತನೆಯ ಅಗ್ಗಿಷ್ಟಿಕೆಗಳು ಅಮೆರಿಕಕ್ಕೆ ಸಾಗಲು ಕಳಚಿಹೋಗಿದ್ದುದು ೧೯೧೧ರಲ್ಲಿ ಅವನ ಕಿವಿಗೆ ಬಿದ್ದಿತು. ಅವನು ಗೋಪುರವನ್ನು ಕೊಂಡನು. ಅಗ್ಗಿಷ್ಟಿಕೆಗಳನ್ನು ಹುಡುಕಿಸಿ, ಬೆಲೆ ತೆತ್ತು, ಹಳೆಯ ಜಾಗದಲ್ಲಿಯೇ ಮತ್ತೆ ಕೂರಿಸಿದನು. ಈ ಗದ್ದಲವೂ ೧೯೧೩ರ ಕಾಯಿದೆಗೆ ಪ್ರೇರಕವಾಯಿತು. ಆ ಕಾಯಿದೆಯ ಪ್ರಕಾರ ಪಟ್ಟಿಯಲ್ಲಿರುವ ಸ್ಮಾರಕವನ್ನು ಕೆಡಹುವ ಮೊದಲು ಒಡೆಯನು ಸರ್ಕಾರಕ್ಕೆ ತಿಳಿವಳಿಕೆ ಕೊಡಬೇಕಾಯಿತು. ಬೇಕಾದರೆ ಸರ್ಕಾರವು ತಡೆಯಬಹುದಾಯಿತು. ಆಳಲ್ಪಟ್ಟ ದೇಶದಲ್ಲಿ ೧೯೦೪ರಲ್ಲಿಯೇ ಜಾರಿಗೆ ಬಂದ ಬಿಗಿಯು ಆಳುವ ದೇಶದ ಜಮೀನುದಾರರ ಮೇಲೆ ಒಂಬತ್ತು ವರ್ಷ ತಡವಾಗಿ ಬಂದುದು ವಿಚಾರಮಾಡತಕ್ಕ ವಿಷಯ.

ಮಹಾಯುದ್ಧದ ತರುವಾಯ ಬೆಟ್ಟಗಳೇ ವೀರಗಲ್ಲುಗಳಾದವು. ಇಂಗ್ಲೆಂಡಿನ ಅತ್ಯುನ್ನತವಾದ ಸ್ಕಾಫೆಲ್ ಪೈಕ್ ಶಿಖರವನ್ನು ಅದರ ಒಡೆಯನು ೧೯೧೯ರಲ್ಲಿ ಮಡಿದವರ ನೆನಪಿಗಾಗಿ ನ್ಯಾಷನಲ್ ಟ್ರಸ್ಟಿಗೆ ಒಪ್ಪಿಸಿದನು. ಬೆಟ್ಟವೇರುವವರ ಒಂದು ಸಂಘವು ತನ್ನ ಗತಿಸಿದ ಸದಸ್ಯರಿಗಾಗಿ ಗ್ರೇಟ್ ಗೇಬಲ್ ಮೊದಲಾದ ಶಿಖರಗಳ ಸುಮಾರು ಮೂರು ಸಾವಿರ ಎಕರೆಗಳನ್ನು ಕೊಂಡು ೧೯೨೩ರಲ್ಲಿ ಅದೇ ಸಂಸ್ಥೆಗೆ ಕೊಟ್ಟಿತು. ಮಕ್ಕಳ ಕಥೆಗಳಿಂದ ಪ್ರಖ್ಯಾತಳಾದ ಬಿಯಾಟ್ರಿಕ್ಸ್ ಪಾಟರ್ ತನ್ನ ಪುಸ್ತಕಗಳ ಆದಾಯದಿಂದ ಸರೋವರ ಪ್ರಾಂತದ ಒಕ್ಕಲುಮನೆಗಳನ್ನು ಒಂದೊಂದಾಗಿ ಕೊಂಡು, ಕುರಿಸಾಕಣೆಯನ್ನು ಸ್ವತಃ ನಡೆಸಿ, ೧೯೪೩ರಲ್ಲಿ ತೀರಿಕೊಂಡಾಗ ನಾಲ್ಕು ಸಾವಿರ ಎಕರೆಗಳಿಗೂ ಮಿಕ್ಕ ಭೂಮಿಯನ್ನು ಉಯಿಲಿನ ಮೂಲಕ ಬಿಟ್ಟಳು.

ಇಷ್ಟಾದರೂ ದೊಡ್ಡ ಕೈಗಾರಿಕಾ ನಗರಗಳ ಮಗ್ಗುಲಲ್ಲಿಯೇ ಇದ್ದ ಪೀಕ್ ಪ್ರಾಂತದ ಬೆಟ್ಟಬಯಲುಗಳು ಮುಚ್ಚಿಯೇ ಇದ್ದವು. ವರ್ಷದಲ್ಲಿ ಕೆಲವೇ ದಿನ ನಡೆಯುವ ಹಕ್ಕಿಬೇಟೆಗಾಗಿ ಜಮೀನುದಾರರು ಅಲ್ಲಿ ಕಾವಲಿಟ್ಟಿದ್ದರು. ಮ್ಯಾಂಚೆಸ್ಟರ್ ಮತ್ತು ಷೆಫೀಲ್ಡ್ ನಗರಗಳ ಮಗ್ಗದ ಮನೆಗಳಲ್ಲಿಯೂ ಉಕ್ಕಿನ ಕುಲುಮೆಗಳಲ್ಲಿಯೂ ವಾರವೆಲ್ಲ ದುಡಿದವರಿಗೆ, ಕಣ್ಣೆದುರಿಗೆ ಕಾಣುವ ಬೆಟ್ಟದ ಮೇಲೆ ಭಾನುವಾರ ಕಾಲಿಡುವಂತಿರಲಿಲ್ಲ. ೧೯೩೨ರ ಏಪ್ರಿಲ್ ೨೪ರಂದು ನಾನೂರರಷ್ಟು ಮಂದಿ, ಬೆನ್ನಿ ರಾಥ್‌ಮನ್ ಎಂಬ ಇಪ್ಪತ್ತು ವರ್ಷದ ತರುಣನ ಮುಂದಾಳುತನದಲ್ಲಿ, ಹೇಫೀಲ್ಡ್ ಎಂಬ ಊರಿನಿಂದ ಹೊರಟು ಕಿಂಡರ್ ಸ್ಕೌಟ್ ಬೆಟ್ಟವನ್ನು ಅಪ್ಪಣೆಯಿಲ್ಲದೆ ಏರಿದರು. ಕಾವಲುಗಾರರೊಡನೆ ತಳ್ಳಾಟ ನಡೆಯಿತು. ಹಿಂದಿರುಗುವಾಗ ಪೋಲೀಸರು ಕೆಲವರನ್ನು ಹಿಡಿದರು. ಐವರಿಗೆ ಎರಡರಿಂದ ಆರು ತಿಂಗಳುಗಳವರೆಗೆ ಸೆರೆಮನೆಯಾಯಿತು. ಕಾಲುನಡಿಗೆಯವರ ಹಳೆಯ ಸಂಘಗಳು ಕೂಡ ಈ ಸಾಹಸವನ್ನು ಮೊದಲು ಮೆಚ್ಚಿರಲಿಲ್ಲ. ನಯದಿಂದ ಸಾಧಿಸಬಹುದಾದುದು ಇದರಿಂದ ಕೆಡುವುದೆಂದು ಅವುಗಳ ಅಂಜಿಕೆ. ಆದರೆ ಬೆಟ್ಟದ ಮೇಲೆ ನಡೆದುದಕ್ಕೆ ಎಳೆಯರು ಸೆರೆಗೆ ಹೋದರೆಂಬ ಸುದ್ದಿಯು ಜನಮನವನ್ನು ತಟ್ಟಿತು.

ಎರಡನೆಯ ಮಹಾಯುದ್ಧವು ಮುಗಿದ ಮೇಲೆ, ೧೯೪೯ರಲ್ಲಿ, ರಾಷ್ಟ್ರೀಯ ಉದ್ಯಾನಗಳನ್ನೂ ಹಳ್ಳಿಗಾಡಿನ ಪ್ರವೇಶವನ್ನೂ ಕುರಿತ ಶಾಸನವಾಯಿತು. ಪ್ರತಿಯೊಂದು ಜಿಲ್ಲೆಯ ಆಡಳಿತವೂ ತನ್ನ ಸೀಮೆಯ ಕಾಲುದಾರಿಗಳನ್ನೆಲ್ಲ ಗುರುತಿಸಿ ನಕ್ಷೆಯಲ್ಲಿ ದಾಖಲುಮಾಡಬೇಕೆಂದು ಅದು ವಿಧಿಸಿತು. ಒಮ್ಮೆ ದಾಖಲಾದ ದಾರಿಗೆ ಹೊಲದೊಡೆಯನು ಅಡ್ಡಗಟ್ಟುವಂತಿಲ್ಲ. ೧೯೫೧ರಲ್ಲಿ ಮೊಟ್ಟಮೊದಲನೆಯ ರಾಷ್ಟ್ರೀಯ ಉದ್ಯಾನವಾದುದು ಆ ಪೀಕ್ ಪ್ರಾಂತವೇ. ಮರುತಿಂಗಳು ಸರೋವರ ಪ್ರಾಂತ. ಇಂಗ್ಲೆಂಡಿನ ಬೆನ್ನೆಲುಬಿನಂತಿರುವ ಬೆಟ್ಟಸಾಲಿನ ಮೇಲೆ ೨೬೮ ಮೈಲಿ ಉದ್ದದ ಪೆನೈನ್ ಕಾಲುದಾರಿಯು ೧೯೬೫ರಲ್ಲಿ ತೆರೆಯಿತು. ೨೦೦೦ದ ಶಾಸನವು ಬೆಟ್ಟ, ಬೋಳುಬಯಲು, ಸಾಮಾನ್ಯ ಭೂಮಿಗಳಲ್ಲಿ ದಾರಿಬಿಟ್ಟೂ ನಡೆಯುವ ಹಕ್ಕನ್ನು ಕೊಟ್ಟಿತು. ಕಿಂಡರ್ ಸ್ಕೌಟಿನ ಹಿಂದಿನ ಒಡೆತನದ ಮನೆತನಕ್ಕೆ ಸೇರಿದ ಡೆವನ್‌ಷೈರಿನ ಡ್ಯೂಕನು ೨೦೦೨ರಲ್ಲಿ, ಆ ಘಟನೆಯ ಎಪ್ಪತ್ತನೆಯ ವರ್ಷದ ಸ್ಮರಣೆಯಂದು, ತನ್ನ ಅಜ್ಜನ ಕಾಲದಲ್ಲಿ ನಡೆದುದಕ್ಕಾಗಿ ಬಹಿರಂಗವಾಗಿ ಕ್ಷಮೆ ಬೇಡಿದನು.

ಚರಿತ್ರೆಯು ಇಲ್ಲಿಗೆ ಸುಖಾಂತವಾಯಿತೆಂದು ಹೇಳುವಂತಿಲ್ಲ. ಸ್ವೇಚ್ಛೆಯಾಗಿ ನಡೆಯುವ ಹಕ್ಕು ಇಂಗ್ಲೆಂಡಿನ ನೆಲದ ಹತ್ತನೆಯ ಒಂದು ಪಾಲಿಗೂ ಇನ್ನೂ ವ್ಯಾಪಿಸಿಲ್ಲ. ಇನ್ನೊಂದು ಕಡೆ ವರ್ಡ್ಸ್‌ವರ್ತನ ಅಂಜಿಕೆಯೂ ಪೂರ್ತಿ ಸುಳ್ಳಾಗಲಿಲ್ಲ. ಪ್ರಸಿದ್ಧ ಬೆಟ್ಟಗಳ ದಾರಿಗಳು ಕಾಲುಗಳ ತುಳಿತಕ್ಕೆ ಕೊರಕಲಾಗಿ, ಕಲ್ಲು ಹಾಸಿ ಭದ್ರಪಡಿಸಬೇಕಾಗಿದೆ. ಸರೋವರದ ಹಳ್ಳಿಗಳಲ್ಲಿ ಹೊರಗಿನವರು ವಿಹಾರಕ್ಕಾಗಿ ಮನೆಗಳನ್ನು ಕೊಳ್ಳುವುದರಿಂದ ಅಲ್ಲಿಯೇ ಹುಟ್ಟಿದವರಿಗೆ ಮನೆ ದುರ್ಲಭವಾಗಿದೆ. ಸ್ಟೋನ್‌ಹೆಂಜಿನಲ್ಲಿ ಸವೆತವು ಮಿತಿಮೀರಿದ್ದರಿಂದ ೧೯೭೦ರ ದಶಕದ ಕೊನೆಯಿಂದ ಹಗ್ಗ ಕಟ್ಟಿ, ಸಾಮಾನ್ಯ ಪ್ರವಾಸಿಯು ದೂರದಿಂದ ಸುತ್ತಿ ನೋಡುವಂತೆ ಮಾಡಿದ್ದಾರೆ. ಒಂದು ಕಾಲದಲ್ಲಿ ಒಡೆಯನು ಕಟ್ಟಿದ ಬೇಲಿಯ ಎಡೆಯಲ್ಲಿ ಈಗ ರಾಷ್ಟ್ರವೇ ಕಟ್ಟಿದ ಹಗ್ಗವಿದೆ. ಎರಡೂ ಜನರನ್ನು ದೂರವಿಡುವವು. ಆದರೆ ಮೊದಲನೆಯದು ಒಬ್ಬನ ಇಚ್ಛೆ, ಎರಡನೆಯದು ಮುಂದೆ ಹುಟ್ಟಲಿರುವವರಿಗಾಗಿ ಇಂದಿನವರು ತಮಗೆ ತಾವೇ ವಿಧಿಸಿಕೊಂಡ ನಿಯಮ.

ಪ್ರೇಕ್ಷಣೀಯ ಸ್ಥಳವನ್ನು ನೋಡಲು ಹೋಗುವವರು ಅದನ್ನು ಕಟ್ಟಿದವರ ಹೆಸರನ್ನು ಕೇಳಿ ತಿಳಿಯುವುದುಂಟು. ಉಳಿಸಿದವರ ಹೆಸರನ್ನು ಕೇಳುವವರು ವಿರಳ. ಏವ್‌ಬರಿಯ ಬಂಡೆಗಳನ್ನು ಅಳೆದಿಟ್ಟ ಸ್ಟ್ಯೂಕ್ಲಿ, ನೆಲ ಕೊಂಡ ಲಬಕ್, ಕಿರುಕಾಣಿಕೆ ಕಳುಹಿಸಿದ ಕೂಲಿಕಾರರು, ಸೆರೆಗೆ ಹೋದ ತರುಣರು, ಇವರೆಲ್ಲರ ಶ್ರಮವು ಅಲ್ಲಿಯ ಒಂದೊಂದು ತಡಮೆಯಲ್ಲಿಯೂ ಕೂಡಿಕೊಂಡಿದೆ. ಪೂರ್ವಿಕರು ಕಟ್ಟಿದುದು ಎಲ್ಲ ದೇಶಗಳಲ್ಲಿಯೂ ಉಂಟು. ಅದು ತಮ್ಮೆಲ್ಲರದೆಂದು ತಿಳಿದು ಕಾಯುವ ಜನರು ಇರುವವರೆಗೆ ಮಾತ್ರ ಅದು ನಿಂತಿರುವುದು.